ಬೆಂಕಿಗೆ ತಕ್ಕ ಸೌದೆ

ಶಿವಮೊಗ್ಗ ಮತ್ತು ಭದ್ರಾವತಿ ಅಕ್ಕಪಕ್ಕದಲ್ಲಿ ಬೆಳೆದ ಊರುಗಳು. ಅವುಗಳ ನಡುವೆ ಸುಮಾರು 20 ಕಿಲೋಮೀಟರ್ ದೂರ. ಒಂದು ತುಂಗೆಯ ದಡದಲ್ಲಿದೆ, ಇನ್ನೊಂದು ಭದ್ರೆಯ ದಡದಲ್ಲಿದೆ. ಶಿವಮೊಗ್ಗದ ಹೆಸರಿಗೆ ಜನರು ಹಲವು ಕಥೆಗಳನ್ನು ಹೇಳುತ್ತಾರೆ. ದೂರ್ವಾಸ ಮುನಿಯು ಇಲ್ಲಿ ಗಿಡಮೂಲಿಕೆಗಳನ್ನು ಮಣ್ಣಿನ ಮೊಗೆಯಲ್ಲಿ ಕುದಿಸುತ್ತಿದ್ದನೆಂದೂ, ಅದನ್ನು ರುಚಿ ನೋಡಿದ ದನಗಾಹಿಗಳು ಸಿಹಿಯಾಗಿದೆಯೆಂದು ಮೆಚ್ಚಿ ಈ ಸ್ಥಳವನ್ನು ‘ಸಿಹಿಮೊಗೆ’ ಎಂದು ಕರೆದರೆಂದೂ ಒಂದು ಐತಿಹ್ಯವಿದೆ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೀಗೆ ಒಂದು ಊರಿನ ಹೆಸರಿನಲ್ಲಿ ಅಡುಗೆಯ ಪಾತ್ರೆಯಿದೆ; ಇನ್ನೊಂದು ಊರಿನ ಹೆಸರಿನಲ್ಲಿ ಬೆಂಕಿಯಿದೆ. ಪಾತ್ರೆಯಲ್ಲಿ ಎಷ್ಟು ಹಾಕಬೇಕು, ಅದರ ಕೆಳಗೆ ಎಷ್ಟು ಉರಿಯಿಡಬೇಕು ಎಂಬುದನ್ನು ಅರಿತವರು ಮಾತ್ರ ಚೆನ್ನಾಗಿ ಅಡುಗೆ ಮಾಡಬಲ್ಲರು. ದೇಹವನ್ನು ಕಾಪಾಡಿಕೊಳ್ಳುವ ವಿದ್ಯೆಯೂ ಇದಕ್ಕಿಂತ ಬೇರೆಯಲ್ಲ.

ಬೆಂಕಿಪುರವೆಂಬ ಹಳೆಯ ಹೆಸರಿಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಅರ್ಥ ಬಂದಿತು. ಮೈಸೂರು ಸಂಸ್ಥಾನವು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. 1923ರಲ್ಲಿ ಅದರ ಊದುಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣದ ಕಲ್ಲು, ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲು ಈ ಮೂರೂ ಆ ಕುಲುಮೆಯ ಆಹಾರವಾದವು. ಅವುಗಳನ್ನು ಒಂದರ ಮೇಲೊಂದರಂತೆ ಮೇಲಿನಿಂದ ಹಾಕುತ್ತಿದ್ದರು. ಕೆಳಗಿನಿಂದ ಬಿಸಿಗಾಳಿಯನ್ನು ಊದುತ್ತಿದ್ದರು. ಕರಗಿದ ಕಬ್ಬಿಣವು ತಳಕ್ಕೆ ಇಳಿಯುತ್ತಿತ್ತು. ಕಶ್ಮಲವೆಲ್ಲ ಕಿಟ್ಟವಾಗಿ ಅದರ ಮೇಲೆ ತೇಲುತ್ತಿತ್ತು.

ಇಂತಹ ಕುಲುಮೆಯನ್ನು ನಡೆಸುವವರ ಜಾಣತನವೆಲ್ಲ ಅಳತೆಯಲ್ಲಿದೆ. ಹೆಚ್ಚು ಕಬ್ಬಿಣ ಬರಲೆಂಬ ಆಸೆಯಿಂದ ಅದಿರನ್ನು ಅಳತೆ ಮೀರಿ ತುಂಬಿದರೆ ಉರಿ ಸಾಲದೆ ಕುಲುಮೆ ತಣಿಯುತ್ತದೆ. ಕಿಟ್ಟವು ಗಟ್ಟಿಯಾಗಿ ಒಳಗೇ ಹೆಪ್ಪುಗಟ್ಟುತ್ತದೆ; ಅದನ್ನು ಒಡೆದು ತೆಗೆಯುವುದು ಹರಸಾಹಸದ ಕೆಲಸ. ಇದ್ದಿಲನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಸುರಿದರೆ ಕಾಡು ವ್ಯರ್ಥವಾಗುತ್ತದೆ, ಕಬ್ಬಿಣದ ಗುಣವೂ ಕೆಡುತ್ತದೆ. ಗಾಳಿ ಸಾಲದಿದ್ದರೆ ಹಾಕಿದುದೆಲ್ಲ ಹಾಗೆಯೇ ಉಳಿಯುತ್ತದೆ. ಒಂದು ದಿನ ಕಂಠಮಟ್ಟ ತುಂಬಿ ಮರುದಿನ ಬರಿದಾಗಿ ಇಡುವಂತೆಯೂ ಇಲ್ಲ. ಹೊತ್ತು ಹೊತ್ತಿಗೆ, ಸ್ವಲ್ಪ ಸ್ವಲ್ಪವಾಗಿ, ಉರಿಗೆ ತಕ್ಕಷ್ಟನ್ನೇ ಹಾಕಬೇಕು. ಕಬ್ಬಿಣವನ್ನು ಕರಗಿಸುವ ಬೆಂಕಿಯೂ ಅತಿಯನ್ನು ಸಹಿಸದು.

ನಮ್ಮ ಹಿರಿಯರು ಹೊಟ್ಟೆಯೊಳಗಿನ ಜೀರ್ಣಶಕ್ತಿಯನ್ನು ‘ಜಠರಾಗ್ನಿ’ ಎಂದು ಕರೆದರು. ಹೊಟ್ಟೆಯ ಅರ್ಧಭಾಗವನ್ನು ಅನ್ನದಿಂದ, ಕಾಲುಭಾಗವನ್ನು ನೀರಿನಿಂದ ತುಂಬಿ, ಉಳಿದ ಕಾಲುಭಾಗವನ್ನು ಗಾಳಿಗಾಗಿ ಬಿಡಬೇಕೆಂದು ಆಯುರ್ವೇದವು ವಿಧಿಸಿತು. ಭಗವದ್ಗೀತೆಯ ಆರನೆಯ ಅಧ್ಯಾಯವು ಅತಿಯಾಗಿ ಉಣ್ಣುವವನಿಗೂ, ಏನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ದೇಹವನ್ನು ಕಠಿಣ ಉಪವಾಸದಿಂದ ದಂಡಿಸಿ ನೋಡಿದ ಗೌತಮ ಬುದ್ಧನು ಕಡೆಗೆ ನಡುವಿನ ಹಾದಿಯನ್ನೇ ಆರಿಸಿಕೊಂಡನು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬ ಮಾತು ಗಮನಾರ್ಹವಾದುದು. ಕಡಿಮೆ ಉಣ್ಣುವವನಿಗೆ ರೋಗವಿಲ್ಲವೆಂದು ಗಾದೆ ಹೇಳಲಿಲ್ಲ. ಊಟವನ್ನು ಅರಿತವನಿಗೆ ರೋಗವಿಲ್ಲವೆಂದು ಹೇಳಿತು.

ಮಿತವೆಂದರೆ ಕಡಿಮೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಒಪ್ಪೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಮಾತು ಜನರ ಬಾಯಲ್ಲಿ ಬಳಕೆಯಲ್ಲಿದೆ. ಕುಳಿತಲ್ಲಿಯೇ ಧ್ಯಾನ ಮಾಡುವವನಿಗೆ ಈ ಲೆಕ್ಕ ಸರಿಹೋಗಬಹುದು. ಆದರೆ ಮಳೆಯಲ್ಲಿ ನೆನೆಯುತ್ತ ಬೆಳಗಿನಿಂದ ಬೈಗಿನವರೆಗೆ ನಾಟಿ ಮಾಡುವ ಹೆಣ್ಣುಮಗಳಿಗೆ, ಅಡಿಕೆ ಮರವೇರಿ ಕೊನೆ ಕೊಯ್ಯುವವನಿಗೆ, ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೆ ಇದನ್ನೇ ಬೋಧಿಸುವುದು ನ್ಯಾಯವಲ್ಲ. ಮಿತವೆಂಬ ಶಬ್ದಕ್ಕೆ ಅಳೆದದ್ದು ಎಂದು ಅರ್ಥ. ಅಳೆಯುವುದು ಎಂದ ಮೇಲೆ ಯಾರಿಗೆ, ಯಾವ ವಯಸ್ಸಿಗೆ, ಎಷ್ಟು ದುಡಿಮೆಗೆ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ.

ಈ ಪ್ರಶ್ನೆಗೆ ಆಧುನಿಕ ವಿಜ್ಞಾನವು ಅಂಕಿಗಳಲ್ಲಿ ಉತ್ತರ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 65 ಕಿಲೋಗ್ರಾಂ ತೂಕದ ಗಂಡಸು ಕುಳಿತು ಮಾಡುವ ಕೆಲಸದಲ್ಲಿದ್ದರೆ ಅವನಿಗೆ ದಿನಕ್ಕೆ ಸುಮಾರು 2110 ಕಿಲೋಕ್ಯಾಲೊರಿ ಶಕ್ತಿ ಸಾಕು. ಮಧ್ಯಮ ದುಡಿಮೆಯವನಾದರೆ 2710 ಬೇಕು. ಕಠಿಣ ದುಡಿಮೆಯವನಾದರೆ 3470 ಬೇಕು. ಅದೇ ಎತ್ತರ, ಅದೇ ತೂಕ, ಅದೇ ವಯಸ್ಸು. ಆದರೂ ದುಡಿಮೆ ಬದಲಾದೊಡನೆ ಊಟದ ಅಳತೆ ಬದಲಾಗುತ್ತದೆ. ಮೊದಲನೆಯವನಿಗೂ ಕೊನೆಯವನಿಗೂ ಇರುವ ಅಂತರ 1360 ಕಿಲೋಕ್ಯಾಲೊರಿ. ಅಕ್ಕಿಯ ಲೆಕ್ಕದಲ್ಲಿ ಹೇಳುವುದಾದರೆ ಅದು ಹೆಚ್ಚುಕಡಿಮೆ 380 ಗ್ರಾಂ ಅಕ್ಕಿಯಲ್ಲಿರುವ ಶಕ್ತಿ. ಒಬ್ಬನಿಗೆ ಅಗತ್ಯವಾದ ಅನ್ನವು ಇನ್ನೊಬ್ಬನಿಗೆ ಹೊರೆಯಾಗುತ್ತದೆ.

ಮಲೆನಾಡಿನ ಊಟವು ದುಡಿಯುವವರ ಊಟವಾಗಿ ರೂಪುಗೊಂಡದ್ದು. ಮುಂಜಾನೆ ಬಿಸಿಯಾದ ಕಡುಬು ಅಥವಾ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಗಂಜಿ ಅಥವಾ ಅನ್ನ: ಅಕ್ಕಿಯಿಲ್ಲದ ಹೊತ್ತೇ ಅಲ್ಲಿರಲಿಲ್ಲ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ, ಗುಡ್ಡ ಹತ್ತಿ ಇಳಿಯುತ್ತ, ಗದ್ದೆ ತೋಟಗಳಲ್ಲಿ ಗೇಯುವ ದೇಹಕ್ಕೆ ಅಷ್ಟು ಅನ್ನ ಬೇಕಾಗಿತ್ತು. ಆದರೆ ಆ ಊಟದಲ್ಲಿ ಅನ್ನವೊಂದೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಹಿತ್ತಲಿನ ಒಂದೆಲಗದ ತಂಬುಳಿ, ಕೆಸುವಿನೆಲೆಯ ಪತ್ರೊಡೆ, ಮಳೆಗಾಲದ ಕಳಲೆ, ಹಲಸಿನ ಪಲ್ಯ, ಬಾಳೆದಿಂಡು, ಬಸಳೆ, ಮಜ್ಜಿಗೆ, ಇವೆಲ್ಲವೂ ಋತುವಿಗೆ ತಕ್ಕಂತೆ ಎಲೆಯ ಮೇಲೆ ಬರುತ್ತಿದ್ದವು. ಸಿಹಿಯು ಹಬ್ಬಕ್ಕೆ ಮೀಸಲಾಗಿತ್ತು. ಕರಿದ ತಿಂಡಿ ನೆಂಟರು ಬಂದ ದಿನಕ್ಕೆ ಮೀಸಲಾಗಿತ್ತು. ಹೀಗೆ ಮಿತವನ್ನು ಬಡತನವು ಕಲಿಸಿದ್ದೂ ಉಂಟು, ಪದ್ಧತಿಯು ಕಲಿಸಿದ್ದೂ ಉಂಟು.

ಭದ್ರಾವತಿಯಲ್ಲಿ ಈ ಊಟವು ಗದ್ದೆಯಿಂದ ಕಾರ್ಖಾನೆಗೆ ಬಂದಿತು. ಕಬ್ಬಿಣದ ಕಾರ್ಖಾನೆಯಲ್ಲಿಯೂ, 1930ರ ದಶಕದಲ್ಲಿ ಆರಂಭವಾದ ಕಾಗದದ ಕಾರ್ಖಾನೆಯಲ್ಲಿಯೂ ಸಾವಿರಾರು ಜನರು ಪಾಳಿಯ ಮೇಲೆ ದುಡಿದರು. ಕುಲುಮೆಯ ಮುಂದೆ ನಿಂತು ಬೆವರು ಸುರಿಸಿದವನು ಮನೆಗೆ ಬಂದು ಎರಡಾಳಿನ ಅನ್ನ ಉಂಡರೂ ಅದು ಅತಿಯಾಗಿರಲಿಲ್ಲ. ಅವನ ಕೈಕಾಲುಗಳು ಮರುದಿನದೊಳಗೆ ಅದನ್ನು ಕರಗಿಸಿಬಿಡುತ್ತಿದ್ದವು. ಆದರೆ ಕಾಲ ಬದಲಾಯಿತು. ಯಂತ್ರಗಳು ಹೆಚ್ಚಿದಂತೆ ಕೈಗೆ ಕೆಲಸ ಕಡಿಮೆಯಾಯಿತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಭಾರತೀಯ ಉಕ್ಕು ಪ್ರಾಧಿಕಾರವು 2023ರ ಜನವರಿಯಲ್ಲಿ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು. ದುಡಿಮೆ ತಪ್ಪಿದಾಗ ಸಂಬಳ ಹೋಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಇನ್ನೊಂದು ನಷ್ಟವು ಕಣ್ಣಿಗೆ ಬೀಳದೆ ನಡೆಯುತ್ತದೆ: ಕೆಲಸ ಹೋದರೂ ಹಸಿವಿನ ಅಭ್ಯಾಸ ಹೋಗುವುದಿಲ್ಲ. ಮೂವತ್ತು ವರ್ಷ ತುಂಬಿಸಿಕೊಂಡ ತಟ್ಟೆಯನ್ನೇ ಮನುಷ್ಯನು ಮತ್ತೆಯೂ ತುಂಬಿಸಿಕೊಳ್ಳುತ್ತಾನೆ. ಉರಿ ತಗ್ಗಿದ ಕುಲುಮೆಗೆ ಹಳೆಯ ಲೆಕ್ಕದಲ್ಲೇ ಅದಿರು ಸುರಿದಂತೆ, ದುಡಿಮೆಯಿಲ್ಲದ ದೇಹಕ್ಕೆ ದುಡಿಮೆಯ ಊಟವು ಬೀಳುತ್ತದೆ. ಕರಗದೆ ಉಳಿದದ್ದು ಕೊಬ್ಬಾಗುತ್ತದೆ. ಕೊಬ್ಬು ಮುಂದೆ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಾರಿ ಮಾಡುತ್ತದೆ.

ಇದು ಭದ್ರಾವತಿಯೊಂದರ ಕಥೆಯಲ್ಲ. ಹೊಲ ಬಿಟ್ಟು ಕಚೇರಿ ಸೇರಿದ ಮಗನು ತಂದೆಯ ಅಳತೆಯಲ್ಲೇ ಉಣ್ಣುತ್ತಾನೆ. ನಡೆದು ಹೋಗುತ್ತಿದ್ದ ದಾರಿಯಲ್ಲಿ ಈಗ ಮೋಟಾರು ಬೈಕು ಓಡುತ್ತದೆ. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಇವೆಲ್ಲವೂ ಮನೆಯಿಂದ ಮರೆಯಾದವು. ದುಡಿಮೆಯನ್ನು ಹಗುರ ಮಾಡಿದ ಯಂತ್ರಗಳನ್ನು ದೂಷಿಸಬೇಕಾಗಿಲ್ಲ; ಅವು ಹೆಂಗಸರ ಬೆನ್ನುನೋವನ್ನು ತಪ್ಪಿಸಿವೆ. ಆದರೆ ದುಡಿಮೆ ಇಳಿದಾಗ ತಟ್ಟೆಯ ಅಳತೆಯೂ ಇಳಿಯಬೇಕೆಂಬುದನ್ನು ಯಾರೂ ಕಲಿಸಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ಸುಮಾರು 10.1 ಕೋಟಿ ಜನರು ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದಾರೆಂದು ಅಂದಾಜು ಮಾಡಿತು.

ಒಂದು ಮನೆಯಲ್ಲಿ ಅತಿಯೂ ಕೊರತೆಯೂ ಜೊತೆಯಾಗಿ ವಾಸಿಸಬಹುದು. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಪಾತ್ರೆಯ ತಳದಲ್ಲಿ ಉಳಿದುದನ್ನು ಉಂಡು ಮಲಗುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಅನ್ನ ಉಳಿದಿರಬಹುದು, ಪಲ್ಯ, ಬೇಳೆ, ಹಾಲು ಉಳಿದಿರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆಯೆಂದು ಕಂಡುಕೊಂಡಿತು. ಆ ತಾಯಿಗೆ ಮಿತವನ್ನು ಬೋಧಿಸುವುದೆಂದರೆ ಕಡಿಮೆ ಉಣ್ಣೆಂದು ಹೇಳುವುದಲ್ಲ. ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ, ಇನ್ನೊಂದು ಹಿಡಿ ಸೊಪ್ಪು ಬಡಿಸುವುದು. ಒಬ್ಬರ ಎಲೆಯಲ್ಲಿ ಹೆಚ್ಚಾದುದು ಇನ್ನೊಬ್ಬರ ಎಲೆಯಲ್ಲಿ ಕಡಿಮೆಯಾದುದೇ ಆಗಿರುವಾಗ, ಮಿತವು ಆರೋಗ್ಯದ ನಿಯಮವಷ್ಟೇ ಅಲ್ಲ, ಮನೆಯ ನ್ಯಾಯವೂ ಹೌದು.

ಊಟಕ್ಕೆ ಹೇಗೋ ವ್ಯಾಯಾಮಕ್ಕೂ ಹಾಗೆಯೇ ಅಳತೆಯುಂಟು. ಶಿವಮೊಗ್ಗದಂತಹ ಊರುಗಳಲ್ಲಿ ಗರಡಿಮನೆಗಳು ಒಂದು ಕಾಲಕ್ಕೆ ತರುಣರ ಶಾಲೆಗಳಂತಿದ್ದವು. ಹುಡುಗನು ಮೊದಲ ದಿನವೇ ಅಖಾಡಕ್ಕೆ ಇಳಿಯುವಂತಿರಲಿಲ್ಲ. ಕೆಮ್ಮಣ್ಣನ್ನು ಅಗೆದು ಹದಮಾಡುವುದು, ಕೆಲವೇ ದಂಡೆ, ಕೆಲವೇ ಬಸ್ಕಿ, ಇಷ್ಟರಿಂದ ಅವನ ಸಾಮು ಆರಂಭವಾಗುತ್ತಿತ್ತು. ದಿನದಿಂದ ದಿನಕ್ಕೆ ಎಣಿಕೆಯನ್ನು ಏರಿಸುತ್ತ ಹೋಗುವುದು ಉಸ್ತಾದರ ಕ್ರಮ. ಆಯುರ್ವೇದದ ಗ್ರಂಥಗಳೂ ಮನುಷ್ಯನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಹೇಳುತ್ತವೆ. ಹಣೆಯಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಯಿಂದ ಹೊರಡತೊಡಗಿದರೆ ಅದು ನಿಲ್ಲಿಸುವ ಸೂಚನೆ. ಉಳಿದ ಅರ್ಧ ಶಕ್ತಿಯು ಆ ದಿನದ ಬದುಕಿಗೆ ಬೇಕು.

ಗರಡಿಯಿಂದ ಕಲಿಯಬೇಕಾದ ಎಚ್ಚರಿಕೆಯೂ ಒಂದಿದೆ. ಕುಸ್ತಿಯ ದಿನಗಳಲ್ಲಿ ಪೈಲ್ವಾನನು ಹಾಲು, ತುಪ್ಪ, ಬಾದಾಮಿಗಳನ್ನು ಧಾರಾಳವಾಗಿ ಸೇವಿಸುತ್ತಾನೆ. ನೂರಾರು ಬಸ್ಕಿಗಳು ಅದನ್ನು ಕರಗಿಸುತ್ತವೆ. ಅಖಾಡವನ್ನು ಬಿಟ್ಟ ಮೇಲೂ ಹಾಲು ತುಪ್ಪಗಳನ್ನು ಬಿಡದಿದ್ದರೆ ಕಲ್ಲಿನಂತಿದ್ದ ಮೈ ಕೆಲವೇ ವರ್ಷಗಳಲ್ಲಿ ಜೋತುಬೀಳುತ್ತದೆ. ಕುಲುಮೆಯ ಕಾರ್ಮಿಕನಿಗೆ ಒದಗಿದ ಗತಿಯೇ ಮಲ್ಲನಿಗೂ ಒದಗುತ್ತದೆ. ದೇಹದ ಗಾತ್ರವೇ ಶಕ್ತಿಯೆಂಬ ಭ್ರಮೆಯನ್ನು ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟ್ ಆಟಗಾರ ಗುಂಡಪ್ಪ ವಿಶ್ವನಾಥರು ಹೋಗಲಾಡಿಸಿದರು. ಕುಳ್ಳಗಿನ ಮೈಕಟ್ಟಿನ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದರು. ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದರು. ಅವರ ಹೊಡೆತದ ಬಲವಿದ್ದುದು ತೋಳಿನ ದಪ್ಪದಲ್ಲಲ್ಲ. ಮಣಿಕಟ್ಟಿನ ಹದದಲ್ಲಿ, ಕಾಲವನ್ನು ಅರಿತು ಬ್ಯಾಟು ಬೀಸುವುದರಲ್ಲಿ.

ಮಿತವಾದ ಜೀವನಕ್ಕೆ ನಿದರ್ಶನವನ್ನು ಹುಡುಕಿಕೊಂಡು ಭದ್ರಾವತಿಯು ದೂರ ಹೋಗಬೇಕಾಗಿಲ್ಲ. ದಿವಾನರಾಗಿ ಕಬ್ಬಿಣದ ಕಾರ್ಖಾನೆಯ ಯೋಜನೆಯನ್ನು ಮುಂದಕ್ಕೆ ತಂದ ಸರ್ ಎಂ. ವಿಶ್ವೇಶ್ವರಯ್ಯನವರು, 1923ರಲ್ಲಿ ಅದು ಕಷ್ಟದಲ್ಲಿದ್ದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಆಗ ಅವರ ವಯಸ್ಸು ಅರವತ್ತನ್ನು ದಾಟಿತ್ತು. ಅನೇಕರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಅವರು 1929ರವರೆಗೆ ಆ ಹೊಣೆಯನ್ನು ಹೊತ್ತರು. ವೇಳೆಗೆ ಸರಿಯಾಗಿ ಸರಳವಾದ ಊಟ, ನಿತ್ಯವೂ ತಪ್ಪದ ನಡಿಗೆ, ನಿಯಮಿತವಾದ ಕೆಲಸ ಇವು ಅವರ ದಿನಚರಿಯ ಅಂಗಗಳಾಗಿದ್ದವು. 1861ರಲ್ಲಿ ಜನಿಸಿದ ಅವರು 1962ರ ಏಪ್ರಿಲ್ 14ರಂದು, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ದೀರ್ಘಾಯುಷ್ಯಕ್ಕೆ ಕಾರಣಗಳು ಹಲವಿರುತ್ತವೆ. ಮಿತವಾಗಿ ಬಾಳಿದವರೆಲ್ಲರೂ ನೂರು ವರ್ಷ ಬದುಕುತ್ತಾರೆಂದು ಹೇಳಲಾಗದು. ಆದರೆ ಬದುಕಿದಷ್ಟು ಕಾಲವೂ ದೇಹವು ಕೆಲಸಕ್ಕೆ ಒದಗುವಂತೆ ಇರಿಸಿಕೊಳ್ಳಬಹುದೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.

ಇಂದು ಆರೋಗ್ಯದ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ, ನೆಹರೂ ಕ್ರೀಡಾಂಗಣದಲ್ಲಿ, ತುಂಗೆಯ ದಡದಲ್ಲಿ ಮುಂಜಾನೆ ನಡೆಯುವವರನ್ನು ಕಾಣಬಹುದು. ಇದು ಸಂತೋಷದ ಸಂಗತಿ. ಆದರೆ ಅರ್ಧ ಗಂಟೆ ನಡೆದು ಬಂದವರು ಅದರ ಬಲದಿಂದಲೇ ಎರಡು ತಟ್ಟೆ ಪೂರಿಗೂ ಒಂದು ತುಂಡು ಮೈಸೂರು ಪಾಕಿಗೂ ಹಕ್ಕುದಾರರೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ ಅಥವಾ ಸಕ್ಕರೆಯಲ್ಲಿ 4 ಕಿಲೋಕ್ಯಾಲೊರಿ ಶಕ್ತಿಯಿದ್ದರೆ, ಒಂದು ಗ್ರಾಂ ಎಣ್ಣೆಯಲ್ಲಿ ಅಥವಾ ತುಪ್ಪದಲ್ಲಿ 9 ಕಿಲೋಕ್ಯಾಲೊರಿಯಿದೆ. ನಾಲಿಗೆಯು ನಿಮಿಷದಲ್ಲಿ ಒಳಗಿಳಿಸಿದುದನ್ನು ಕಾಲುಗಳು ಗಂಟೆಗಟ್ಟಲೆ ನಡೆದು ತೀರಿಸಬೇಕು.

ಹುಡುಗ ಹುಡುಗಿಯರಲ್ಲಿ ಅತಿಯು ಬೇರೊಂದು ವೇಷದಲ್ಲಿ ಬರುತ್ತದೆ. ಬೇಗ ತೆಳ್ಳಗಾಗಬೇಕೆಂದು ಬೆಳಗಿನ ತಿಂಡಿಯನ್ನೂ ರಾತ್ರಿಯ ಊಟವನ್ನೂ ಬಿಡುವವರಿದ್ದಾರೆ. ಮೂರು ತಿಂಗಳಲ್ಲಿ ತೋಳು ಉಬ್ಬಬೇಕೆಂದು ಮೊದಲ ವಾರವೇ ಭಾರದ ಗುಂಡುಗಳನ್ನು ಎತ್ತಿ ಬೆನ್ನು ಉಳುಕಿಸಿಕೊಳ್ಳುವವರಿದ್ದಾರೆ. ಯಾರೋ ಹೇಳಿದ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸುವವರೂ ಇದ್ದಾರೆ. ಹೊಟ್ಟೆಬಾಕತನವು ಎಷ್ಟು ಅತಿಯೋ ಈ ಆತುರವೂ ಅಷ್ಟೇ ಅತಿ. ಬೆಳೆಯುವ ವಯಸ್ಸಿನ ದೇಹಕ್ಕೆ ಮೂಳೆ ಕಟ್ಟಲು, ರಕ್ತ ಕೂಡಿಸಲು, ಓದಿದುದನ್ನು ನೆನಪಿಡಲು ಅನ್ನ ಬೇಕು. ಅದನ್ನು ಕಸಿದುಕೊಂಡು ಪಡೆದ ತೆಳುವು ಆರೋಗ್ಯವಲ್ಲ.

ಹಾಗಾದರೆ ಅಳತೆಯನ್ನು ಹಿಡಿಯುವುದು ಹೇಗೆ? ಅದಕ್ಕೆ ತಕ್ಕಡಿ ಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಲಹೆಯಂತೆ ತಟ್ಟೆಯ ಅರ್ಧಭಾಗವು ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಲಿ. ಉಳಿದರ್ಧದಲ್ಲಿ ಅನ್ನ, ರೊಟ್ಟಿ, ಮುದ್ದೆಗಳೊಡನೆ ಬೇಳೆಕಾಳಿಗೂ ಜಾಗವಿರಲಿ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಅಪ್ಪೆಮಿಡಿಯ ಉಪ್ಪಿನಕಾಯಿ ಮಲೆನಾಡಿನ ಹೆಮ್ಮೆಯೇ ಸರಿ. ಆದರೆ ಊಟಕ್ಕೆ ಒಂದು ಮಿಡಿ ರುಚಿ ಕೊಡುವಷ್ಟನ್ನೇ ನಾಲ್ಕು ಮಿಡಿಯೂ ಕೊಡುತ್ತವೆ. ನಿಧಾನವಾಗಿ ಅಗಿದು ಉಣ್ಣಬೇಕು. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇನ್ನೊಂದು ತುತ್ತು ಬೇಕೆನಿಸುವಾಗಲೇ ಕೈತೊಳೆಯುವವನು ಆ ಸುದ್ದಿಗಾಗಿ ಕಾಯುವ ತಾಳ್ಮೆಯುಳ್ಳವನು. ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಚುರುಕು ನಡಿಗೆಯಂತಹ ವ್ಯಾಯಾಮವೂ, ಶಾಲೆಯ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಓಟ ಆಟಗಳೂ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ಶಾಲೆಗೆ ನಡೆದು ಹೋಗುವುದು, ತೋಟಕ್ಕೆ ನೀರು ಹೊರುವುದು, ಸಂಜೆ ಬಯಲಿನಲ್ಲಿ ಕಬಡ್ಡಿ ಆಡುವುದು ಇವೆಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಒಂದು ದಿನ ನಾಲ್ಕು ಗಂಟೆ ದಣಿದು ವಾರವಿಡೀ ಮಲಗುವುದಕ್ಕಿಂತ ದಿನವೂ ಅರ್ಧ ಗಂಟೆ ನಡೆಯುವುದು ಮೇಲು.

ಈ ಅಳತೆಯು ಒಮ್ಮೆ ಕಲಿತು ಮುಗಿಸುವ ಪಾಠವಲ್ಲ. ಹತ್ತರಲ್ಲಿ ಹಿತವಾದುದು ನಲವತ್ತರಲ್ಲಿ ಹೆಚ್ಚಾಗುತ್ತದೆ. ಸುಗ್ಗಿಯಲ್ಲಿ ಸಾಲದಾದುದು ಬಿಡುವಿನ ಕಾಲದಲ್ಲಿ ಮಿಗುತ್ತದೆ. ಹಬ್ಬದ ದಿನ ಒಂದು ಹೋಳಿಗೆ ಹೆಚ್ಚು ತಿಂದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಹಬ್ಬವು ಹಬ್ಬವಾಗಿ ಉಳಿಯುವಂತೆ ಉಳಿದ ದಿನಗಳನ್ನು ನಡೆಸಿದರೆ ಸಾಕು. ಆಗಾಗ ನಿಂತು, ಇಂದಿನ ದುಡಿಮೆ ಎಷ್ಟು, ಇಂದಿನ ಹಸಿವು ಎಷ್ಟು ಎಂದು ತನ್ನನ್ನು ತಾನು ಕೇಳಿಕೊಳ್ಳುವವನೇ ‘ಊಟ ಬಲ್ಲವನು’.

ತುಂಗೆಯೂ ಭದ್ರೆಯೂ ಒಂದೇ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಒಂದು ಶಿವಮೊಗ್ಗವನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು, ಕೂಡಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಅದು ತುಂಗಭದ್ರೆ. ಅನ್ನವೂ ದುಡಿಮೆಯೂ ಹೀಗೆಯೇ ಮನುಷ್ಯನ ದೇಹದಲ್ಲಿ ಬಂದು ಕೂಡುತ್ತವೆ. ಎರಡೂ ತಮ್ಮ ದಡಗಳೊಳಗೆ ಹರಿದು ಬಂದರೆ ಬಾಳೆಂಬ ಬಯಲು ಹಸನಾಗುತ್ತದೆ.